ಎರಡು ಬೋಟು, ಒಂದು ಕಡಲು: ‘ರ್ಯಾಷನಲ್ ಏಜೆಂಟ್’ ಪಾಠವನ್ನು ನಮ್ಮ ಕರಾವಳಿಯಲ್ಲಿ ಕಲಿಸುವ ಬಗೆ

ಬೋಧನಾಭ್ಯಾಸದ ಅವಧಿಯಲ್ಲಿ ಕುಮಟಾ ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ಪಾಠ ವೀಕ್ಷಣೆಗೆ ಕುಳಿತಿದ್ದೆ. ವಿಷಯ ಕೃತಕ ಬುದ್ಧಿಮತ್ತೆ. ಪ್ರಶಿಕ್ಷಣಾರ್ಥಿ ಒಳ್ಳೆಯ ಸಿದ್ಧತೆಯೊಂದಿಗೆ ಬಂದಿದ್ದರು. ‘ರ್ಯಾಷನಲ್ ಏಜೆಂಟ್ ಎಂದರೆ ವಿವೇಕಿಯಾದ ಯಂತ್ರ’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿದ ಇಬ್ಬರು ಕೈದಿಗಳ ಕಥೆ ಹೇಳಿದರು. ಇಬ್ಬರೂ ಸುಮ್ಮನಿದ್ದರೆ ಕಡಿಮೆ ಶಿಕ್ಷೆ. ಆದರೆ ಒಬ್ಬೊಬ್ಬನೂ ತನ್ನ ಲಾಭ ನೋಡಿಕೊಂಡು ಇನ್ನೊಬ್ಬನ ಮೇಲೆ ಸಾಕ್ಷಿ ಹೇಳಿದ. ಕೊನೆಗೆ ಇಬ್ಬರಿಗೂ ಹೆಚ್ಚು ಶಿಕ್ಷೆಯಾಯಿತು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅಕ್ಕೋರೆ, ಇಬ್ಬರೂ ವಿವೇಕಿಗಳೇ ಆದ್ರೆ ಇಬ್ಬರಿಗೂ ನಷ್ಟ ಆಗೂದು ಹೆಂಗೆ?” ಎಂದು ಕೇಳಿದಳು.

ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, “ಅದು ಮುಂದಿನ ತರಗತಿಯಲ್ಲಿ ಬರ್ತದೆ” ಎಂದು ಹೇಳಿ ಮುಂದುವರಿದರು. ನಾನು ವೀಕ್ಷಣಾ ಪುಸ್ತಕದಲ್ಲಿ ‘ವಿದ್ಯಾರ್ಥಿಗಳ ಪ್ರಶ್ನೆ ನಿರ್ವಹಣೆ ಸುಧಾರಿಸಬೇಕು’ ಎಂದು ಬರೆದು ಸಹಿ ಹಾಕಿದೆ. ಬಸ್ಸಿನಲ್ಲಿ ಮರಳುವಾಗ ಆ ಪ್ರಶ್ನೆ ನನ್ನನ್ನೇ ಕಾಡಿತು. ನಾನಾದರೂ ಆ ಹುಡುಗಿಗೆ ಏನು ಹೇಳುತ್ತಿದ್ದೆ? ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲ ತೊಡಕು: ಪದ

ತಪ್ಪು ಕಥೆಯಲ್ಲಿರಲಿಲ್ಲ, ಕಪ್ಪುಹಲಗೆಯ ಮೇಲಿನ ಪದದಲ್ಲಿತ್ತು. ಕನ್ನಡದಲ್ಲಿ ‘ವಿವೇಕ’ ಎಂದರೆ ಒಳಿತು ಕೆಡುಕುಗಳನ್ನು ತೂಗಿ ನೋಡುವ ತಿಳಿವಳಿಕೆ. ನಾಲ್ಕು ಜನರ ಹಿತವೂ ಅದರಲ್ಲಿ ಸೇರಿದೆ. ಕೃತಕ ಬುದ್ಧಿಮತ್ತೆಯಲ್ಲಿ ‘ರ್ಯಾಷನಲ್’ ಎಂಬುದಕ್ಕೆ ಇಷ್ಟು ದೊಡ್ಡ ಅರ್ಥವಿಲ್ಲ. ಸ್ಟುವರ್ಟ್ ರಸೆಲ್ ಮತ್ತು ಪೀಟರ್ ನಾರ್ವಿಗ್ 1995ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕ ಈ ವಿಷಯವನ್ನು ಏಜೆಂಟ್ ಎಂಬ ಕಲ್ಪನೆಯ ಸುತ್ತಲೇ ಕಟ್ಟಿತು. ಸುತ್ತಲಿನ ಪರಿಸರವನ್ನು ಗ್ರಹಿಸಿ, ಅದರ ಮೇಲೆ ಏನಾದರೂ ಕ್ರಿಯೆ ನಡೆಸುವಂಥದ್ದು ಏಜೆಂಟ್. ತನಗೆ ಗೊತ್ತಿರುವಷ್ಟು ಮಾಹಿತಿಯಲ್ಲಿ, ತನಗೆ ಕೊಟ್ಟ ಅಳತೆಗೋಲಿನ ಪ್ರಕಾರ ಅತಿ ಹೆಚ್ಚು ಫಲ ನಿರೀಕ್ಷಿಸಬಹುದಾದ ಕ್ರಿಯೆಯನ್ನು ಆರಿಸಿಕೊಳ್ಳುವ ಏಜೆಂಟ್ ರ್ಯಾಷನಲ್ ಏಜೆಂಟ್.

ಇಲ್ಲಿ ‘ಕೊಟ್ಟ ಅಳತೆಗೋಲು’ ಎಂಬ ಮಾತಿಗೆ ಒತ್ತು ಬೀಳಬೇಕು. ಅಳತೆಗೋಲು ಯಂತ್ರದ್ದಲ್ಲ, ಕೊಟ್ಟವರದ್ದು. ಹಾಗಾಗಿ ‘ವಿವೇಕಿ’ ಎನ್ನುವ ಬದಲು ‘ಲೆಕ್ಕ ಹಾಕಿ ನಡೆಯುವ ಏಜೆಂಟ್’ ಎಂದು ಹೇಳುವುದು ಒಳ್ಳೆಯದು. ಲೆಕ್ಕ ಸರಿಯಿದ್ದೂ ಫಲ ಕೆಡಬಹುದು ಎಂಬುದು ಆಗ ಮಕ್ಕಳಿಗೆ ವಿಚಿತ್ರವೆನಿಸುವುದಿಲ್ಲ.

ಕೈದಿಗಳ ಬದಲು ಬೋಟುಗಳು

ಕೈದಿಗಳ ಕಥೆಯ ಹಿಂದಿನ ಆಟವನ್ನು 1950ರಲ್ಲಿ ಅಮೆರಿಕದ ರ್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ರೂಪಿಸಿದರು. ಕೈದಿಗಳ ವೇಷ ತೊಡಿಸಿದವರು ಆಲ್ಬರ್ಟ್ ಟಕರ್. ವೇಷ ಬದಲಿಸುವ ಸ್ವಾತಂತ್ರ್ಯ ನಮಗೂ ಇದೆ. ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳಿಗೆ ಪೊಲೀಸ್ ಕೋಣೆಗಿಂತ ಬಂದರು ಹತ್ತಿರ.

ತದಡಿಯಿಂದ ಒಂದು ಬೋಟು, ಕಾಸರಕೋಡಿನಿಂದ ಒಂದು ಬೋಟು ಎಂದಿಟ್ಟುಕೊಳ್ಳಿ. (ಭಟ್ಕಳದ ಶಾಲೆಯಾದರೆ ಅಳ್ವೆಕೋಡಿಯ ಬೋಟು ಎನ್ನಬಹುದು.) ಎರಡೂ ಒಂದೇ ಕಡಲಿನಲ್ಲಿ ಬಂಗಡೆ, ತಾರ್ಲೆ ಹಿಡಿಯುತ್ತವೆ. ಪ್ರತಿಯೊಂದಕ್ಕೂ ಎರಡೇ ಆಯ್ಕೆ: ಮರಿಮೀನನ್ನು ಬಿಡುವುದು ಅಥವಾ ಹಿಡಿಯುವುದು. ಫಲವನ್ನು ಬುಟ್ಟಿಗಳಲ್ಲಿ ಎಣಿಸೋಣ. ಅಂಕಿಗಳು ಪಾಠಕ್ಕಾಗಿ ಊಹಿಸಿಕೊಂಡವು.

ಇಬ್ಬರೂ ಬಿಟ್ಟರೆ: ತಲಾ 6 ಬುಟ್ಟಿ.
ಇಬ್ಬರೂ ಹಿಡಿದರೆ: ತಲಾ 3 ಬುಟ್ಟಿ.
ಒಬ್ಬ ಹಿಡಿದು ಇನ್ನೊಬ್ಬ ಬಿಟ್ಟರೆ: ಹಿಡಿದವನಿಗೆ 8, ಬಿಟ್ಟವನಿಗೆ 1.

ಈಗ ತದಡಿಯ ಬೋಟಿನವನ ಜಾಗದಲ್ಲಿ ನಿಂತು ಯೋಚಿಸಲು ಮಕ್ಕಳಿಗೆ ಹೇಳಿ. ಕಾಸರಕೋಡಿನವನು ಬಿಟ್ಟರೆ ನನಗೆ ಬಿಡುವುದರಿಂದ 6, ಹಿಡಿಯುವುದರಿಂದ 8. ಅವನು ಹಿಡಿದರೆ ನನಗೆ ಬಿಡುವುದರಿಂದ 1, ಹಿಡಿಯುವುದರಿಂದ 3. ಅವನು ಏನೇ ಮಾಡಲಿ, ಹಿಡಿಯುವುದೇ ನನಗೆ ಲಾಭ. ಕಾಸರಕೋಡಿನವನ ಲೆಕ್ಕವೂ ಇದೇ. ಇಬ್ಬರೂ ಹಿಡಿಯುತ್ತಾರೆ. ಒಟ್ಟು 12 ಬುಟ್ಟಿ ಸಿಗಬಹುದಾಗಿದ್ದಲ್ಲಿ 6 ಸಿಗುತ್ತದೆ. ಒಬ್ಬನೇ ತನ್ನ ನಡೆಯನ್ನು ಬದಲಿಸಿದರೆ ಅವನಿಗೆ 3 ಹೋಗಿ 1 ಉಳಿಯುತ್ತದೆ, ಆದ್ದರಿಂದ ಯಾರೂ ಬದಲಿಸುವುದಿಲ್ಲ. ಒಬ್ಬೊಬ್ಬರೇ ಬದಲಾದರೆ ಯಾರಿಗೂ ಲಾಭವಿಲ್ಲದ ಇಂಥ ಸ್ಥಿತಿಗೆ ನ್ಯಾಶ್ ಸಮತೋಲನ ಎಂದು ಹೆಸರು. ಜಾನ್ ನ್ಯಾಶ್ ಇದನ್ನು 1950ರಲ್ಲಿ ಮಂಡಿಸಿದರು, 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಇಬ್ಬರೂ ಲೆಕ್ಕ ತಪ್ಪಲಿಲ್ಲ. ಇಬ್ಬರೂ ತಂತಮ್ಮ ಬುಟ್ಟಿಯನ್ನಷ್ಟೇ ಎಣಿಸಿದರು. ನಷ್ಟ ಹುಟ್ಟಿದ್ದು ದಡ್ಡತನದಿಂದಲ್ಲ, ಕೋಷ್ಟಕದ ರಚನೆಯಿಂದ.

ಇದು ಬರೀ ಕಾಗದದ ಕಥೆಯಲ್ಲ. ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ ರಂಪಣಿ ಬಲೆಯನ್ನು ಹತ್ತಾರು ಜನ ದಡದಲ್ಲಿ ನಿಂತು ಒಟ್ಟಾಗಿ ಎಳೆದು, ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಅವು ಹಿಡಿಯತೊಡಗಿದ ಮೇಲೆ, ದಡದಲ್ಲಿ ಕಾಯುವವನ ಲೆಕ್ಕ ‘ಬಿಟ್ಟವನಿಗೆ 1’ ಎಂಬ ಸಾಲಿಗೆ ಬಂದು ನಿಂತಿತು. ಕೆಲವೇ ವರ್ಷಗಳಲ್ಲಿ ರಂಪಣಿ ಹಿಂದೆ ಸರಿಯಿತು. ಪರ್ಸೀನ್ ಕೊಂಡವರು ಕೆಟ್ಟವರೇನಲ್ಲ, ಕೋಷ್ಟಕ ಅವರನ್ನು ಅತ್ತ ನೂಕಿತು. ತರಗತಿಯಲ್ಲಿ ಮೀನುಗಾರರ ಮನೆಯ ಮಕ್ಕಳು ಇರುತ್ತಾರೆ. “ನಿಮ್ಮ ಮನೆಯಲ್ಲಿ ಮರಿಮೀನು ಹಿಡಿತಾರಾ?” ಎಂದು ಯಾವ ಮಗುವನ್ನೂ ಕೇಳಬಾರದು. ದೂರನ್ನು ಮನುಷ್ಯರ ಮೇಲಲ್ಲ, ಕೋಷ್ಟಕದ ಮೇಲೆ ಹೊರಿಸಿದಾಗಲೇ ಪಾಠ ಎಲ್ಲರದ್ದಾಗುತ್ತದೆ.

ತರಗತಿಯಲ್ಲಿ ಆಡಿಸುವ ಬಗೆ

ಮಕ್ಕಳನ್ನು ಜೋಡಿ ಮಾಡಿ. ಪ್ರತಿಯೊಬ್ಬರಿಗೂ ಎರಡು ಚೀಟಿ: ‘ಬಿಡು’, ‘ಹಿಡಿ’. ಮಾತನಾಡದೆ, ಒಟ್ಟಿಗೇ ಚೀಟಿ ತೋರಿಸಬೇಕು. ಹತ್ತು ಸುತ್ತು ಆಡಿಸಿ, ಆದರೆ ಎಷ್ಟು ಸುತ್ತು ಎಂಬುದನ್ನು ಮೊದಲೇ ಹೇಳಬೇಡಿ. ಕೊನೆಯ ಸುತ್ತು ಯಾವುದೆಂದು ಗೊತ್ತಾದರೆ, ಮುಂದೆ ಸೇಡಿನ ಭಯವಿಲ್ಲವೆಂದು ಅಂದು ‘ಹಿಡಿ’ ತೋರಿಸುತ್ತಾರೆ. ಕೊನೆಯದು ಹೇಗೂ ಕೆಟ್ಟಿತೆಂದು ಅದರ ಹಿಂದಿನದೂ ಕೆಡುತ್ತದೆ. ಹೀಗೆ ಲೆಕ್ಕ ಹಿಂದಕ್ಕೆ ಸರಿಯುತ್ತ ಮೊದಲ ಸುತ್ತಿನವರೆಗೂ ಬರುತ್ತದೆ.

ಇಬ್ಬರು ಮಕ್ಕಳನ್ನು ‘ಯಂತ್ರ’ಗಳಾಗಿ ನೇಮಿಸಿ. ಒಬ್ಬರಿಗೆ ಕೊಡುವ ನಿಯಮ: ‘ಯಾವಾಗಲೂ ಹಿಡಿ’. ಇನ್ನೊಬ್ಬರಿಗೆ: ‘ಮೊದಲು ಬಿಡು, ಆಮೇಲೆ ಎದುರಿನವರು ಹಿಂದಿನ ಸುತ್ತಿನಲ್ಲಿ ಮಾಡಿದ್ದನ್ನೇ ಮಾಡು’. ಈ ಎರಡನೆಯದನ್ನು ನಾವು ‘ಮುಯ್ಯಿ’ ಎನ್ನಬಹುದು. ಮುಯ್ಯಾಳು ಪದ್ಧತಿ ಬಲ್ಲ ಊರುಗಳಲ್ಲಿ ಇದಕ್ಕೆ ವಿವರಣೆ ಬೇಡ. ಎರಡು ಯಂತ್ರಗಳು ಎದುರಾದರೆ ಹತ್ತು ಸುತ್ತಿನಲ್ಲಿ ‘ಯಾವಾಗಲೂ ಹಿಡಿ’ಗೆ 35, ‘ಮುಯ್ಯಿ’ಗೆ 28. ಮಕ್ಕಳು ಹಿಡಿದವನೇ ಗೆದ್ದ ಎಂದು ಕೂಗುತ್ತಾರೆ. ಆಗ ‘ಮುಯ್ಯಿ’ಯ ಎದುರು ‘ಮುಯ್ಯಿ’ ಆಡಿಸಿ: ತಲಾ 60. ‘ಹಿಡಿ’ಯ ಎದುರು ‘ಹಿಡಿ’: ತಲಾ 30. ಎದುರಾಳಿಯನ್ನು ಸೋಲಿಸುವುದು ಬೇರೆ, ಬುಟ್ಟಿ ತುಂಬಿಸಿಕೊಳ್ಳುವುದು ಬೇರೆ ಎಂಬುದು ಅಂಕಿಯಲ್ಲೇ ಕಾಣುತ್ತದೆ. 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಇಂಥದ್ದೇ ಪಂದ್ಯಾವಳಿಯನ್ನು ಎರಡು ಬಾರಿ ನಡೆಸಿದರು. ಎರಡರಲ್ಲೂ ಮೊದಲ ಸ್ಥಾನ ಪಡೆದದ್ದು ಅನಟೋಲ್ ರಪೊಪೋರ್ಟ್ ಕಳಿಸಿದ ಈ ‘ಮುಯ್ಯಿ’ ನಿಯಮವೇ.

ಕೋಷ್ಟಕ ಬದಲಿಸುವ ಕೆಲಸ

ಮುಂದಿನ ಪ್ರಶ್ನೆ: ಏಜೆಂಟ್‌ಗಳನ್ನು ಬದಲಿಸದೆ ಫಲ ಬದಲಿಸಬಹುದೇ? ಉತ್ತರ ಮಕ್ಕಳಿಗೇ ಗೊತ್ತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವದು. ಬೋಟು ಕಟ್ಟಿದವನಿಗೆ ಪಕ್ಕದವನ ಬೋಟೂ ಕಟ್ಟಿದೆ ಎಂಬ ಭರವಸೆ ಸಿಗುತ್ತದೆ. ‘ಬಿಟ್ಟವನಿಗೆ 1’ ಎಂಬ ಸಾಲೇ ಕೋಷ್ಟಕದಿಂದ ಅಳಿಸಿಹೋಗುತ್ತದೆ.

ಇದನ್ನು ದಂಡದ ಲೆಕ್ಕವಾಗಿಯೂ ಕಲಿಸಬಹುದು. ಹಿಡಿದವನಿಗೆ 1 ಬುಟ್ಟಿ ದಂಡವಾದರೆ 8 ಹೋಗಿ 7, 3 ಹೋಗಿ 2. ಆಗಲೂ ಹಿಡಿಯುವುದೇ ಲಾಭ. ದಂಡ 2ಕ್ಕಿಂತ ಹೆಚ್ಚಾದರೆ ಮಾತ್ರ ಬಿಡುವುದು ಲಾಭ. ಆದರೆ ನಾಲ್ಕು ಬಾರಿ ತಪ್ಪಿದಾಗ ಒಮ್ಮೆ ಮಾತ್ರ ಸಿಕ್ಕಿಬೀಳುವುದಾದರೆ, ದಂಡ 8 ಬುಟ್ಟಿಗಿಂತ ಹೆಚ್ಚಿರಬೇಕು. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಸರಕಾರದ ದಂಡವೊಂದೇ ದಾರಿಯೂ ಅಲ್ಲ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಹಿನ್ನೀರಿನ ಗಜನಿ ಭೂಮಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು. ಆದರೆ ಒಡ್ಡಿನ ಕೆಲಸಕ್ಕೆ ಬಾರದವನ ಗದ್ದೆಯನ್ನೂ ಒಡ್ಡು ಕಾಯುತ್ತದೆ. ಲೆಕ್ಕವಷ್ಟೇ ನೋಡಿದರೆ ಯಾರೂ ಬರಬಾರದು. ಆದರೂ ಮಾಣಿಕಟ್ಟಾದಂಥ ಕಡೆ ರೈತರು ಒಟ್ಟಾಗಿ ಇದನ್ನು ನೋಡಿಕೊಂಡು ಬಂದಿದ್ದಾರೆ. ಬಳಕೆದಾರರೇ ನಿಯಮ ಮಾಡಿ, ತಾವೇ ಕಾವಲಿದ್ದು, ಹಂತಹಂತವಾಗಿ ದಂಡ ವಿಧಿಸಿಕೊಂಡರೆ ಸಾಮೂಹಿಕ ಸಂಪತ್ತು ಉಳಿಯಬಲ್ಲದು ಎಂದು ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಹಲವು ದೇಶಗಳ ಉದಾಹರಣೆಗಳಿಂದ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಚದುರಂಗವೊಂದೇ ಸಾಲದು

ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ ಕೃತಕ ಬುದ್ಧಿಮತ್ತೆಗೆ ಉದಾಹರಣೆ ಎಂದರೆ 1997ರಲ್ಲಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಅಥವಾ 2016ರಲ್ಲಿ ಗೋ ಆಟದಲ್ಲಿ ಲೀ ಸೆಡೊಲ್ ಅವರನ್ನು 4-1ರಿಂದ ಸೋಲಿಸಿದ ಆಲ್ಫಾಗೋ. ಇವು ಇರಲಿ. ಆದರೆ ಎರಡೂ ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗಿರುವ ಆಟಗಳು. ಇವನ್ನೇ ಕಲಿಸಿದರೆ, ಬುದ್ಧಿ ಎಂದರೆ ಎದುರಿನವರನ್ನು ಸೋಲಿಸುವುದು ಎಂದು ಮಗು ತಿಳಿಯುತ್ತದೆ. ರಸ್ತೆಯಲ್ಲಿ ಎದುರಾಗುವ ಎರಡು ಚಾಲಕರಹಿತ ಕಾರುಗಳು, ಮೀನಿನ ದರ ನಿಗದಿ ಮಾಡುವ ಎರಡು ಪ್ರೋಗ್ರಾಂಗಳು ಆಡುವುದು ಅಂಥ ಆಟವನ್ನಲ್ಲ. ಅಲ್ಲಿ ಇಬ್ಬರೂ ಗೆಲ್ಲಬಹುದು, ಇಬ್ಬರೂ ಸೋಲಬಹುದು.

ಇನ್ನೂ ಮುಖ್ಯವಾದದ್ದು ಅಳತೆಗೋಲು. ಮೀನು ಎಲ್ಲಿದೆ ಎಂದು ಹೇಳಿ ಬೋಟು ನಡೆಸುವ ಯಂತ್ರವೊಂದಕ್ಕೆ ‘ಈ ವಾರದ ಬುಟ್ಟಿ ಹೆಚ್ಚಿಸು’ ಎಂದರೆ ಅದು ಮರಿಮೀನನ್ನೂ ಬಿಡದು. ‘ಐದು ವರ್ಷದ ಒಟ್ಟು ಬುಟ್ಟಿ ಹೆಚ್ಚಿಸು’ ಎಂದರೆ ಅದೇ ಯಂತ್ರ ಬೇರೆ ರೀತಿ ಲೆಕ್ಕ ಹಾಕೀತು. ಆಗಲೂ ಪಕ್ಕದ ಬೋಟಿನ ಯಂತ್ರಕ್ಕೆ ಏನು ಹೇಳಿದ್ದಾರೆ ಎಂಬುದನ್ನು ಅದು ನೋಡಲೇಬೇಕು. ಯಂತ್ರ ಎಷ್ಟು ಚುರುಕಾದರೂ ಆ ಎರಡು ಪ್ರಶ್ನೆ ಮನುಷ್ಯರಿಗೇ ಉಳಿಯುತ್ತವೆ: ಏನನ್ನು ಎಣಿಸಬೇಕು, ಯಾರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆ

1. ಕೋಷ್ಟಕದಲ್ಲಿ ‘ಒಬ್ಬನೇ ಹಿಡಿದರೆ 8’ ಎಂಬುದನ್ನು 5 ಎಂದು ಬದಲಿಸಿದರೆ, ಎದುರಿನವನು ಬಿಡುತ್ತಾನೆಂದು ನಂಬಿದವನು ಏನು ಮಾಡುತ್ತಾನೆ? ನಂಬದವನು ಏನು ಮಾಡುತ್ತಾನೆ?
2. ನಿಮ್ಮ ಊರಿನಲ್ಲಿ ಎಲ್ಲರೂ ಬಳಸುವ, ಯಾರೊಬ್ಬರದ್ದೂ ಅಲ್ಲದ ಒಂದು ವಸ್ತುವಿಗೆ ಇಂಥ ಕೋಷ್ಟಕ ಬರೆಯಿರಿ.
3. ಒಂದು ಯಂತ್ರಕ್ಕೆ ನೀವು ಕೊಡುವ ಅಳತೆಗೋಲನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಪಕ್ಕದವರನ್ನು ಕೇಳಿ.

ಮೊದಲ ಪ್ರಶ್ನೆಗೆ ಉತ್ತರ: ನಂಬಿದವನು ಬಿಡುತ್ತಾನೆ, ಏಕೆಂದರೆ 5ಕ್ಕಿಂತ 6 ಹೆಚ್ಚು. ನಂಬದವನು ಹಿಡಿಯುತ್ತಾನೆ, ಏಕೆಂದರೆ 1ಕ್ಕಿಂತ 3 ಹೆಚ್ಚು. ಅಲ್ಲಿ ಫಲವನ್ನು ನಿರ್ಧರಿಸುವುದು ನಂಬಿಕೆ.

ಕೊನೆಯದಾಗಿ ಸಹೋದ್ಯೋಗಿ ವೀಕ್ಷಕರಲ್ಲಿ ಒಂದು ವಿನಂತಿ. ಮಗುವಿನ ಪ್ರಶ್ನೆಗೆ ಪ್ರಶಿಕ್ಷಣಾರ್ಥಿ ತಡವರಿಸಿದಾಗ ವೀಕ್ಷಣಾ ಪುಸ್ತಕದಲ್ಲಿ ಅಂಕ ಕಳೆಯುವ ಮೊದಲು, ಅದೇ ಪ್ರಶ್ನೆಗೆ ನಮ್ಮ ಉತ್ತರವನ್ನು ಅಂಚಿನಲ್ಲಿ ಎರಡು ಸಾಲು ಬರೆದು ನೋಡೋಣ. ಬರೆಯಲಾಗದಿದ್ದರೆ ಆ ಪ್ರಶ್ನೆಯನ್ನು ಕಾಲೇಜಿನ ಚರ್ಚಾ ತರಗತಿಗೆ ತರೋಣ. ನಾನು ಆ ಶಾಲೆಗೆ ಮುಂದಿನ ವಾರ ಮತ್ತೆ ಹೋಗಲಿದ್ದೇನೆ. ಚೀಟಿಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.