ಹೇಮಾವತಿಯಲ್ಲಿ ಗಿರಕಿ ಹೊಡೆದ ಹರಿಗೋಲು

ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿ ಸಕಲೇಶಪುರ ಹಾದು ಬರುವ ಹೇಮಾವತಿ, ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದಾಗಿ ಆಲೂರು ಸೀಮೆಯವರೆಗೂ ಹಿನ್ನೀರಾಗಿ ಹರಡಿಕೊಂಡಿದೆ. ನಮ್ಮ ಮನೆಯವರಿಗೆ ರಜೆಯೆಂದರೆ ಅಲ್ಲಿನ ಹರಿಗೋಲು ವಿಹಾರ.

ಬಿದಿರು ಹೆಣೆದು, ತಳಕ್ಕೆ ಡಾಂಬರು ಬಳಿದ ದುಂಡನೆಯ ಹರಿಗೋಲಿಗೆ ಮುಂದು, ಹಿಂದು ಎಂಬುದಿಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗುತ್ತದೆ. ಅಂಬಿಗರು ಹುಟ್ಟನ್ನು ಎದುರಿಗೆ ಚಾಚಿ ನೀರನ್ನು ತಮ್ಮತ್ತ ಎಳೆದುಕೊಳ್ಳುವುದು ಅದಕ್ಕೇ. ಒಮ್ಮೆ ನಮ್ಮ ಭಾವ "ನಾನೂ ಒಂದ್ ಕೈ ನೋಡ್ತೀನಿ, ಕೊಡಿ" ಎಂದು ಹುಟ್ಟು ಹಿಡಿದರು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೊಮ್ಮೆ ಬೆನ್ನ ಹಿಂದೆ ಕಾಣಿಸಿತು. ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಇನ್ನೊಂದು ಸಲ ಅಕ್ಕಿರೊಟ್ಟಿಯ ಬುತ್ತಿ ನೀರುಪಾಲಾಯಿತು, ಮೀನುಗಳಿಗೆ ಹಬ್ಬ! ಅದನ್ನು ಹಿಡಿಯಲು ಎದ್ದ ಹುಡುಗನನ್ನು ಅಂಬಿಗರು "ಕೂತ್ಕೊ ಮಗಾ" ಎಂದು ತಡೆದರು. ಎದ್ದು ನಿಂತು ಅಂಚಿಗೆ ಸರಿದರೆ ಎಷ್ಟು ಅಗಲದ ಹರಿಗೋಲೂ ವಾಲುತ್ತದೆ.

ಮಳೆಗಾಲದಲ್ಲಿ ಆ ಚರ್ಚಿನ ಗೋಡೆಗಳನ್ನೇ ಅರ್ಧ ಮುಳುಗಿಸುವ ನೀರಿದು. ಇಂಥ ನಗು ಪ್ರತಿ ವರ್ಷವೂ ಬೇಕೆಂದರೆ ಲೈಫ್ ಜಾಕೆಟ್ ತೊಡಿ, ಅಂಬಿಗರ ಮಾತು ಕೇಳಿ.