ವೈ-ಫೈ ಕಾರ್ಡಿನ ಸಂಪರ್ಕ ಕಡಿತ

ವೈ-ಫೈ ಕಾರ್ಡು ಅಥವಾ ನಿಸ್ತಂತು ಜಾಲ ಕಾರ್ಡು ಎಂಬುದು ಲ್ಯಾಪ್‌ಟಾಪನ್ನು ರೇಡಿಯೋ ತರಂಗಗಳ ಮೂಲಕ ರೂಟರ್‌ಗೆ ಜೋಡಿಸುವ ಯಂತ್ರಾಂಶ. ಈ ಸಂಪರ್ಕವು ಪದೇ ಪದೇ ಕಡಿದುಹೋದಾಗ ಕಾರ್ಡೇ ಕೆಟ್ಟಿದೆಯೆಂದು ಭಾವಿಸಿ ಬದಲಾಯಿಸುವವರುಂಟು. ಆದರೆ ವಿದ್ಯುತ್ ಉಳಿತಾಯದ ವ್ಯವಸ್ಥೆ, ಚಾಲಕ ತಂತ್ರಾಂಶ, ರೂಟರ್ ಮತ್ತು ಸುತ್ತಲಿನ ರೇಡಿಯೋ ಅಡಚಣೆಗಳೂ ಇದೇ ಲಕ್ಷಣವನ್ನು ತೋರುತ್ತವೆ.

ದೋಷದ ನೆಲೆ

ಅದೇ ಜಾಲಕ್ಕೆ ಸೇರಿದ ಮೊಬೈಲ್ ಫೋನಿನಲ್ಲೂ ಅದೇ ಕ್ಷಣದಲ್ಲಿ ಸಂಪರ್ಕ ತಪ್ಪಿದರೆ ದೋಷವು ಲ್ಯಾಪ್‌ಟಾಪಿನದಲ್ಲ. ಲ್ಯಾಪ್‌ಟಾಪ್ ಮಾತ್ರ ಕಳಚಿಕೊಳ್ಳುತ್ತಿದ್ದರೆ ಅದನ್ನು ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಬಹುದು. ಅಲ್ಲಿ ಗಂಟೆಗಟ್ಟಲೆ ನಿಂತರೆ ಕಾರ್ಡು ಬಹುಮಟ್ಟಿಗೆ ನಿರ್ದೋಷಿ.

ಊಹೆಗಿಂತ ದಾಖಲೆ ಹೆಚ್ಚು ನಂಬಲರ್ಹ. ವಿಂಡೋಸ್ ೧೦ ಮತ್ತು ೧೧ರ ನಿಸ್ತಂತು ಜಾಲ ವರದಿಯು ಹಿಂದಿನ ಮೂರು ದಿನಗಳ ಕಡಿತಗಳನ್ನು ಸಮಯಸಹಿತ ತೋರಿಸುತ್ತದೆ. ಲಿನಕ್ಸ್ ಕರ್ನಲ್‌ನ ದಾಖಲೆಯು ಸಂಪರ್ಕವನ್ನು ಮುರಿದದ್ದು ಗಣಕವೋ ರೂಟರೋ ಎಂಬುದನ್ನೂ ತಿಳಿಸುತ್ತದೆ. ೮೦೨.೧೧ ಮಾನಕದಂತೆ ಸಂಪರ್ಕ ಮುರಿಯುವ ಸಂದೇಶದಲ್ಲಿ ಕಾರಣ ಸಂಖ್ಯೆಯೊಂದು ಇರುತ್ತದೆ: ೪ ಎಂದರೆ ನಿಷ್ಕ್ರಿಯತೆ, ೧೫ ಎಂದರೆ ಭದ್ರತಾ ಕೀಲಿಯ ವಿನಿಮಯ ಸಕಾಲಕ್ಕೆ ಮುಗಿಯಲಿಲ್ಲವೆಂದು.

ವಿದ್ಯುತ್ ಉಳಿತಾಯ

ಚಾರ್ಜರ್ ಇದ್ದಾಗ ಸರಿಯಿದ್ದು ಬ್ಯಾಟರಿಯಲ್ಲಿ ಮಾತ್ರ ಕಡಿದರೆ ಮೊದಲ ಶಂಕೆ ಇದರ ಮೇಲೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ, ವಿದ್ಯುತ್ ಉಳಿಸಲು ಕಾರ್ಡನ್ನು ಆರಿಸುವ ಅನುಮತಿಯ ಗುರುತನ್ನು ತೆಗೆಯಬಹುದು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ. ತೊಂದರೆಯು ಚಾಲಕ ತಂತ್ರಾಂಶದ ನವೀಕರಣದ ನಂತರ ತಲೆದೋರಿದ್ದರೆ ಹಿಂದಿನ ಆವೃತ್ತಿಗೆ ಮರಳುವುದು ಲೇಸು.

ರೇಡಿಯೋ ಅಡಚಣೆ

೨.೪ ಗಿಗಾಹರ್ಟ್ಸ್ ಪಟ್ಟಿಯನ್ನು ಮೈಕ್ರೋವೇವ್ ಒಲೆ ಮತ್ತು ಬ್ಲೂಟೂತ್‌ಗಳೂ ಬಳಸುತ್ತವೆ. ಯುಎಸ್‌ಬಿ ೩.೦ ಸಾಧನಗಳೂ ಇದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿದೊಡನೆ ವೈ-ಫೈ ಕುಸಿಯುವುದಕ್ಕೆ ಇದೂ ಕಾರಣವಿರಬಹುದು. ೫ ಗಿಗಾಹರ್ಟ್ಸ್ ಪಟ್ಟಿಯ ತೊಡಕು ಬೇರೆ. ಅಲ್ಲಿ ೫೨ರಿಂದ ೧೪೪ರವರೆಗಿನ ವಾಹಿನಿಗಳನ್ನು ಅನೇಕ ದೇಶಗಳಲ್ಲಿ ರಾಡಾರ್‌ಗಳೊಡನೆ ಹಂಚಿಕೊಳ್ಳಬೇಕಾಗುತ್ತದೆ. ರಾಡಾರ್ ಸಂಕೇತ ಕಂಡೊಡನೆ ರೂಟರ್ ಆ ವಾಹಿನಿಯನ್ನು ತೆರವುಗೊಳಿಸಬೇಕು. ಈ ವರ್ಗದ ಇನ್ನೊಂದು ವಾಹಿನಿಗೆ ಹೋಗುವುದಾದರೆ ಕನಿಷ್ಠ ೬೦ ಸೆಕೆಂಡು ಆಲಿಸಿ ನೋಡಬೇಕು. ರೂಟರ್‌ನಲ್ಲಿ ೩೬ರಿಂದ ೪೮ರೊಳಗಿನ ವಾಹಿನಿಯನ್ನು ಆರಿಸಿದರೆ ಸಾಮಾನ್ಯವಾಗಿ ಈ ಕಾಟವಿರುವುದಿಲ್ಲ.

ಯಂತ್ರಾಂಶ ದೋಷ

ಕಾರ್ಡಿನ ಆಂಟೆನಾ ತಂತಿಗಳು ಸಾಮಾನ್ಯವಾಗಿ ಕೀಲಿನ ಮೂಲಕ ಪರದೆಯ ಚೌಕಟ್ಟಿಗೆ ಹೋಗುತ್ತವೆ. ಮುಚ್ಚಳವನ್ನು ಅಲುಗಾಡಿಸಿದಾಗ ಸಂಕೇತ ಏರಿಳಿದರೆ ತಂತಿ ಸವೆದಿರಬಹುದು, ಇಲ್ಲವೇ ಅದರ ಪುಟ್ಟ ಗುಂಡಿ ಕಳಚಿರಬಹುದು. ಡಿವೈಸ್ ಮ್ಯಾನೇಜರ್‌ನ ಪಟ್ಟಿಯಿಂದ ಕಾರ್ಡೇ ಆಗಾಗ ಮಾಯವಾಗುತ್ತಿದ್ದರೆ ಅದನ್ನು ಬದಲಿಸುವ ಯೋಚನೆ ಸರಿ. ಮದರ್‌ಬೋರ್ಡಿಗೆ ಬೆಸೆದ ಕಾರ್ಡನ್ನು ಹೀಗೆ ಬದಲಿಸಲಾಗದು. ಅಲ್ಲಿ ಯುಎಸ್‌ಬಿ ವೈ-ಫೈ ಅಡಾಪ್ಟರ್ ಬಳಸುವುದು ಅಗ್ಗದ ದಾರಿ.