ದಿಂಬಂ ಘಟ್ಟದ ಮಂಜು, ಮಕ್ಕಳ ಕೈಯಲ್ಲಿ ಕ್ಯಾಮೆರಾ

ಕಳೆದ ದಸರಾ ರಜೆಯಲ್ಲಿ ಸತ್ಯಮಂಗಲದಿಂದ ತಾಳವಾಡಿಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಮುಂದಿದ್ದ ಕಾರೊಂದು ಘಟ್ಟದ ತಿರುವಿನಲ್ಲೇ ನಿಂತಿತು. ರಸ್ತೆಯಂಚಿನಲ್ಲಿ ಮರಿಯೊಡನೆ ತಾಯಾನೆ. ಕಾರಿನಿಂದಿಳಿದ ಯುವಕನೊಬ್ಬ ಆನೆಗೆ ಬೆನ್ನುಮಾಡಿ ಮೊಬೈಲ್ ಎತ್ತಿ ಹಿಡಿದ. ಆನೆ ಕಿವಿಯಗಲಿಸಿ ಎರಡು ಹೆಜ್ಜೆ ಮುಂದಿಟ್ಟಿತು. ಅವನು ಹೇಗೋ ಕಾರು ಸೇರಿಕೊಂಡ. ಪಕ್ಕದಲ್ಲಿದ್ದ ಮಗಳು, “ಅಪ್ಪಾ, ಹಾಗಾದರೆ ಇಲ್ಲಿ ಚಿತ್ರ ತೆಗೆಯಲೇಬಾರದೇ?” ಎಂದು ಕೇಳಿದಳು.

ತೆಗೆಯಬಹುದು, ಎಲ್ಲಿ, ಹೇಗೆ ಎಂಬುದನ್ನು ಅರಿತಿರಬೇಕು.

ಬಣ್ಣಾರಿಯಿಂದ ದಿಂಬಂವರೆಗಿನ 27 ತಿರುವುಗಳ ಈ ಹಾದಿ, 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಸಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಕಲಮು ಅಭಯಾರಣ್ಯದ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಅವಕಾಶ ನೀಡುತ್ತದೆ. ಪ್ರಾಣಿಗಳನ್ನು ಕೆಣಕುವುದನ್ನೂ ಕಸ ಎಸೆಯುವುದನ್ನೂ ನಿಷೇಧಿಸುತ್ತದೆ. ಕಾಡಿನೊಳಗೆ ಹೋಗಿ ಛಾಯಾಗ್ರಹಣ ಮಾಡಲು 28ನೆಯ ಕಲಮಿನಂತೆ ಪರವಾನಗಿ ಬೇಕು. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಿಂದ ಇಲ್ಲಿ ರಾತ್ರಿ ಸಂಚಾರಕ್ಕೂ ನಿರ್ಬಂಧವಿದೆ. ಕಬ್ಬಿನ ಲಾರಿಗಳಿಗಾಗಿ ಆನೆಗಳು ರಸ್ತೆಗೆ ಬರುವುದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ತಿರುವುಗಳಲ್ಲಿ ವಾಹನ ನಿಲ್ಲಿಸುವ ಮಾತೇ ಬೇಡ.

ಬಸ್ಸಿನೊಳಗಿನಿಂದ ತೆಗೆಯುವಾಗ ಮೊಬೈಲನ್ನು ಗಾಜಿಗೆ ತೀರ ಹತ್ತಿರ ಹಿಡಿಯಿರಿ, ಪ್ರತಿಬಿಂಬ ಬೀಳುವುದಿಲ್ಲ. ಫ್ಲಾಷ್ ಆರಿಸಿರಲಿ. ಕೈಯನ್ನು ಕಿಟಕಿಯಿಂದ ಹೊರಚಾಚಬೇಡಿ. ಬಸ್ಸು ಏರುತ್ತ ನಿಧಾನವಾದ ಕ್ಷಣದಲ್ಲಿ ಒತ್ತಿದರೆ ಚಿತ್ರ ಅಲುಗುವುದು ಕಡಿಮೆ.

ದಿಂಬಂನ ನಿಜವಾದ ಚೆಲುವು ಮಂಜಿನದು. ಆದರೆ ಬಿಳಿ ಮಂಜನ್ನು ಕ್ಯಾಮೆರಾ ಅತಿಯಾದ ಬೆಳಕೆಂದು ತಪ್ಪು ತಿಳಿದು ಚಿತ್ರವನ್ನು ಮಂಕಾಗಿಸುತ್ತದೆ. ಪರದೆಯನ್ನು ಮುಟ್ಟಿ ಬೆಳಕಿನ ಪ್ರಮಾಣವನ್ನು ತುಸು ಏರಿಸಿದರೆ ಮಂಜು ಬೆಳ್ಳಗೆ ಉಳಿಯುತ್ತದೆ. ಬರಿಯ ಮಂಜು ಚಿತ್ರವಾಗದು. ಮುಂದೊಂದು ಕಪ್ಪು ಮರವೋ ದೀಪ ಹಚ್ಚಿದ ಬಸ್ಸೋ ಇರಲಿ. ಲೆನ್ಸಿನ ಮೇಲೆ ಕೂತ ತೇವವನ್ನು ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ. ಮಳೆ ನಿಂತ ಮರುಗಳಿಗೆ ಧೂಳು ತೊಳೆದುಹೋಗಿ ಕೆಳಗಿನ ಬಯಲು ಬಹುದೂರ ನಿಚ್ಚಳವಾಗಿ ಕಾಣುತ್ತದೆ. ಬೇಸಿಗೆಯ ನಡುಹಗಲಿನ ಬೆಳಕು ಚಪ್ಪಟೆ. ಆಗ ಕ್ಯಾಮೆರಾ ಚೀಲದಲ್ಲೇ ಇರಲಿ.

ವನ್ಯಮೃಗದ ಚಿತ್ರ ಸಿಕ್ಕರೆ ಅದು ಕಂಡ ಸ್ಥಳವನ್ನು ಕೂಡಲೇ ವಾಟ್ಸಾಪಿನಲ್ಲಿ ಹಂಚಬೇಡಿ. ಆ ಸುದ್ದಿ ಜನಜಂಗುಳಿಯನ್ನು ತರಬಹುದು, ಬೇಟೆಗಾರನನ್ನೂ ತರಬಹುದು.

ಮಗಳು ಈಗ ಚಿತ್ರ ತೆಗೆಯುವುದು ಘಟ್ಟ ಏರಿದ ಮೇಲೆ, ನಮ್ಮ ಸೀಮೆಯಲ್ಲಿ. ಮಾಗಿದ ರಾಗಿ ಹೊಲದ ಮೇಲೆ ಬೆಳಗಿನ ಓರೆಬಿಸಿಲು ಬೀಳುವಾಗ, ತೆನೆ ಕೊಯ್ಯುವ ಅಜ್ಜಿಯನ್ನು “ಒಂದು ಫೋಟೊ ತೆಗೀಲಾ ಅಜ್ಜಿ?” ಎಂದು ಕೇಳಿಯೇ ತೆಗೆಯುತ್ತಾಳೆ. ಅಜ್ಜಿ ಸೆರಗು ಸರಿಪಡಿಸಿಕೊಂಡು ನಗುತ್ತಾಳೆ. ಆನೆಯನ್ನು ಹಾಗೆ ಕೇಳಲಾಗದು, ಆದುದರಿಂದಲೇ ದೂರದಲ್ಲಿರಬೇಕು.